ಬರುವಾಗ ಒಂದು, ಹೋಗುವಾಗ ಎರಡು

ನಮ್ಮ ಮನೆಯ ಊದುಬತ್ತಿ ಸ್ಟ್ಯಾಂಡು ನೆಟ್ಟಗೆ ನಿಲ್ಲುವುದಿಲ್ಲ. ಪಕ್ಕದ ಮನೆಯ ಮಾತಿಗೆ ಕಿವಿಗೊಟ್ಟವರ ಹಾಗೆ ಸದಾ ಎಡಕ್ಕೆ ವಾಲಿಕೊಂಡಿರುತ್ತದೆ. ನೀವು ಎಂದಾದರೂ ಕೆನಡಾದ ವಿಟ್ಬಿಗೆ ಬಂದು ನಮ್ಮ ಊಟದ ಮೇಜಿನ ಮುಂದೆ ಕೂತರೆ, ಎದುರಿನ ಕಪಾಟಿನ ಮೇಲೆ ನನ್ನ ಗಂಡ ಪೂವಯ್ಯನವರ ಫೋಟೋವನ್ನೂ ಅದರ ಮುಂದೆ ಹೆಬ್ಬೆರಳಿನಷ್ಟು ದಪ್ಪದ ಒಂದು ಹಿತ್ತಾಳೆಯ ಕೊಳವೆಯನ್ನೂ ನೋಡುತ್ತೀರಿ. ಕೊಳವೆಯ ತುಂಬ ಅಕ್ಕಿ, ಅಕ್ಕಿಯಲ್ಲಿ ಸಿಕ್ಕಿಸಿದ ಊದುಬತ್ತಿ. ಅದರ ಬೂದಿ ಕೆಳಗಿಟ್ಟ ತಟ್ಟೆಗೆ ಬೀಳದೆ ಫೋಟೋದ ಚೌಕಟ್ಟಿನ ಕೆಳ ಅಂಚಿಗೆ, ಸರಿಯಾಗಿ ಅವರ ಅಂಗಿಯ ಜೇಬಿನ ನೇರಕ್ಕೆ ಬೀಳುತ್ತದೆ. ಬದುಕಿದ್ದಾಗಲೂ ಆ ಜೇಬಿನ ಎಣ್ಣೆ ಕಲೆ ತೆಗೆಯುವುದು ನನ್ನದೇ ಕೆಲಸವಾಗಿತ್ತು. ಹಾಗಾಗಿ ದಿನಾ ಬೆಳಿಗ್ಗೆ ಬೂದಿ ಒರೆಸುವಾಗ ನನಗೆ ಹೊಸದೇನೂ ಅನ್ನಿಸುವುದಿಲ್ಲ.

ಅದು ಸ್ಟ್ಯಾಂಡೆಂದು ತಯಾರಾದದ್ದಲ್ಲ. ಅದು ಕೋವಿಯ ತೋಟೆ, ಅಂದರೆ ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕವಚ. ನಮ್ಮವರು ಕೊಡವರು. ಅವರ ಕಡೆ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ನಿಂತು ಆಕಾಶಕ್ಕೆ ಒಂದು ಈಡು ಹೊಡೆಯುತ್ತಾರೆ. ಯಾರಾದರೂ ತೀರಿಕೊಂಡರೆ ಬೆನ್ನುಬೆನ್ನಿಗೆ ಎರಡು. ಒಂದು ಕೇಳಿಸಿದರೆ ಊರಿನವರು ನಗುತ್ತಾ ಮನೆಯ ಹಾದಿ ಹಿಡಿಯುತ್ತಾರೆ, ಎರಡು ಕೇಳಿಸಿದರೆ ಕೈಯಲ್ಲಿದ್ದ ಕೆಲಸ ಕೆಳಗಿಟ್ಟು ಬರುತ್ತಾರೆ. ಟೆಲಿಫೋನು ಹುಟ್ಟುವ ಮೊದಲೇ ಅವರು ಕಂಡುಕೊಂಡಿದ್ದ ಟೆಲಿಫೋನು ಅದು, ಬರೀ ಎರಡು ನಂಬರಿನದು. ನಮ್ಮವರು ಹುಟ್ಟಿದ ದಿನ ಅವರ ಅಜ್ಜ ಹೊಡೆದ ಒಂದು ಈಡಿನ ತೋಟೆಯನ್ನು ನನ್ನ ಅತ್ತೆ ಸೆರಗಿನ ತುದಿಯಲ್ಲಿ ಕಟ್ಟಿಟ್ಟುಕೊಂಡಿದ್ದರಂತೆ. ಆಮೇಲೆ ಇವರು ಚಿಕ್ಕ ಹುಡುಗನಾಗಿದ್ದಾಗ ಅದರಿಂದ ಗೋಡಂಬಿ ಒಡೆಯಲು ಹೋಗಿ ತಳವನ್ನು ಜಜ್ಜಿ ಹಾಕಿದರು. ವಾಲುವಿಕೆಯ ಮೂಲ ಅಲ್ಲಿದೆ.

ನಾನು ಮೈಸೂರಿನವಳು. ನಮ್ಮ ತಂದೆಯದು ಟೈಲರಿಂಗ್ ಅಂಗಡಿ. ನಮ್ಮ ಮನೆಯಲ್ಲಿದ್ದ ಆಯುಧಗಳೆಂದರೆ ಒಂದು ಈಳಿಗೆಮಣೆ, ಎರಡು ಕತ್ತರಿ. ಎಸ್ಸೆಸ್ಸೆಲ್ಸಿ ಮುಗಿಸಿ ನಾನೂ ಹೊಲಿಗೆಗೆ ಕೂತೆ. ನಾನು ಕೆಲಸ ಮಾಡುತ್ತಿದ್ದ ಬಟ್ಟೆ ಅಂಗಡಿಯ ಲಿಫ್ಟು ಒಂದು ದಿನ ಎರಡು ಮಹಡಿಗಳ ನಡುವೆ ನಿಂತುಹೋದಾಗ, ಅದರೊಳಗೆ ಸಿಕ್ಕಿಕೊಂಡವಳು ನಾನು, ಬಾಗಿಲು ಬಿಡಿಸಿ ಕೈ ಚಾಚಿದವರು ಇವರು. ಲಿಫ್ಟು ರಿಪೇರಿ ಮಾಡುವವರು ಅಷ್ಟು ಹೊತ್ತು ಕೈ ಹಿಡಿದುಕೊಳ್ಳಬೇಕಾದ ಅಗತ್ಯವಿರಲಿಲ್ಲ ಎಂದು ಆಮೇಲೆ ನನಗೆ ತಿಳಿಯಿತು. ಅದೇ ರಿಪೇರಿಯ ಕೆಲಸ ಅವರನ್ನು ಕೆನಡಾಕ್ಕೆ ಕರೆತಂದಿತು, ಹಿಂದೆಯೇ ನಾನೂ ನನ್ನ ಕತ್ತರಿಯೂ ಬಂದೆವು. ಈಗಲೂ ನಾನು ಇಲ್ಲಿನ ಒಂದು ಲಾಂಡ್ರಿಯಲ್ಲಿ ಪ್ಯಾಂಟಿನ ಉದ್ದ ಮಡಿಸುವ, ಸೊಂಟ ಬಿಡಿಸುವ ಕೆಲಸ ಮಾಡುತ್ತೇನೆ.

ಕೋವಿಯ ಮನೆತನದಲ್ಲಿ ಹುಟ್ಟಿದರೂ ಇವರು ಜೀವಮಾನದಲ್ಲಿ ಹೊಡೆದದ್ದು ತೆಂಗಿನಕಾಯಿ ಮಾತ್ರ, ಅದೂ ಕೋವಿಗೆ ಪೂಜೆ ಮಾಡುವ ಕೈಲ್ ಮುಹೂರ್ತದ ಹಬ್ಬದ ದಿನ, ಅದೂ ಹತ್ತರಲ್ಲಿ ಎರಡು. ಇಲ್ಲಿಗೆ ಬಂದು ಕೆಲವು ವರ್ಷಗಳಾದ ಮೇಲೆ ಅವರಿಗೆ ಇದ್ದಕ್ಕಿದ್ದಂತೆ ಕೋವಿ ಲೈಸೆನ್ಸು ಬೇಕೆನ್ನಿಸಿತು. ಒಂದು ವಾರಾಂತ್ಯ ಕ್ಲಾಸಿಗೆ ಹೋದರು, ಪರೀಕ್ಷೆ ಬರೆದು ಪಾಸಾದರು, ಅರ್ಜಿ ತಂದರು. ಅರ್ಜಿಯಲ್ಲಿ ಹೆಂಡತಿಯ ಸಹಿಗೂ ಒಂದು ಜಾಗವಿತ್ತು. ಒಂದು ದೇಶದ ಸರ್ಕಾರ ಗಂಡನ ಕೈಗೆ ಕೋವಿ ಕೊಡುವ ಮೊದಲು ಹೆಂಡತಿಯನ್ನು ಒಂದು ಮಾತು ವಿಚಾರಿಸುತ್ತದೆ ಎಂಬುದನ್ನು ನೋಡಿ ನನಗೆ ಈ ದೇಶದ ಮೇಲೆ ಬಹಳ ಗೌರವ ಬಂತು. ಆ ಗೌರವದಿಂದಲೇ ಅರ್ಜಿಯನ್ನು ಅಕ್ಕಿ ಡಬ್ಬದ ಕೆಳಗೆ ಮೂರು ತಿಂಗಳು ಇಟ್ಟಿದ್ದೆ. ಕೊನೆಗೆ ಅವರ ಸಪ್ಪೆ ಮುಖ ನೋಡಲಾರದೆ ಸಹಿ ಹಾಕಿದೆ. ಕಾರ್ಡು ಬಂತು, ಕೋವಿ ಬರಲಿಲ್ಲ. ಕೊಳ್ಳಲು ಅವರಿಗೆ ಮನಸ್ಸೂ ಇರಲಿಲ್ಲವೆಂದು ಕಾಣುತ್ತದೆ. ಊರಿನಲ್ಲಿ ಅವರ ಜನಕ್ಕೆ ಲೈಸೆನ್ಸಿನಿಂದ ವಿನಾಯಿತಿಯಿದೆ, ಹಾಗಾಗಿ ನನ್ನ ಮಾವನವರ ಹತ್ತಿರ ಲೈಸೆನ್ಸಿಲ್ಲದ ಕೋವಿ ಇತ್ತು. ಮಗನ ಹತ್ತಿರ ಕೋವಿಯಿಲ್ಲದ ಲೈಸೆನ್ಸು.

ಅವರ ತಮ್ಮ ಚಂಗಪ್ಪನದು ಮೂರನೆಯ ಬಗೆ. ಅವನು ಓಹಾಯೋದಲ್ಲಿ, ಕ್ಲೀವ್‌ಲ್ಯಾಂಡಿನಿಂದ ಮುಕ್ಕಾಲು ಗಂಟೆ ದಾರಿಯ ಹಳ್ಳಿಗಾಡಿನಲ್ಲಿ ಐದು ಎಕರೆ ಜಾಗ ಮಾಡಿಕೊಂಡಿದ್ದಾನೆ. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಮೇಸ್ತ್ರಿ. ಅಮೆರಿಕದ ಪ್ರಜೆಯಾದ ದಿನ ಎಲ್ಲರೂ ಬಾವುಟ ಹಿಡಿದು ಫೋಟೋ ತೆಗೆಸಿಕೊಂಡರೆ, ಇವನು ಜೋಡಿನಳಿಗೆ ಕೋವಿ ಹಿಡಿದು ತೆಗೆಸಿಕೊಂಡ. ಕೋವಿ ಇಟ್ಟುಕೊಳ್ಳುವ ಹಕ್ಕು ಕೊಡುವ, ಅವರ ಸಂವಿಧಾನದ ಎರಡನೆಯ ತಿದ್ದುಪಡಿಯನ್ನು ಅವನು ನನಗೆ ಫೋನಿನಲ್ಲಿ ವಿವರಿಸಿದಷ್ಟು ಸಲ ಅಲ್ಲಿನ ಮಕ್ಕಳಿಗೆ ಮೇಷ್ಟ್ರೂ ವಿವರಿಸಿರಲಾರರು.

ತಿದ್ದುಪಡಿ ಎಂದರೆ ನನಗೂ ಅಲ್ಪಸ್ವಲ್ಪ ಗೊತ್ತು, ಕಸುಬೇ ಅದು. ಅಜ್ಜನ ಕೋಟು ಮೊಮ್ಮಗನಿಗೆ ಬರುತ್ತದೆ. ಬಟ್ಟೆ ಗಟ್ಟಿ, ಹೊಲಿಗೆ ಗಟ್ಟಿ, ಅಳತೆ ಮಾತ್ರ ಇಂದಿನ ಮೈಯದಲ್ಲ. ಒಬ್ಬರು ತೋಳು ಕತ್ತರಿಸಿ ಎನ್ನುತ್ತಾರೆ, ಇನ್ನೊಬ್ಬರು ಒಂದು ದಾರ ಬಿಚ್ಚಿದರೂ ಅಜ್ಜನಿಗೆ ಅವಮಾನ ಎನ್ನುತ್ತಾರೆ. ಇಬ್ಬರೂ ಒಂದೇ ಮನೆಯವರು, ಇಬ್ಬರೂ ನನ್ನ ಟೇಬಲ್ಲಿನ ಮುಂದೆ ನಿಂತು ಜಗಳವಾಡುತ್ತಾರೆ. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಸುಮ್ಮನಿರುತ್ತೇನೆ. ಇನ್ನೂರು ವರ್ಷದ ಕೆಳಗೆ ಹೊಲಿದ ಕೋಟನ್ನು ಹಾಕಿಕೊಂಡ ಆ ದೊಡ್ಡ ದೇಶದ ಗಲಾಟೆಯನ್ನು ಟೀವಿಯಲ್ಲಿ ನೋಡುವಾಗೆಲ್ಲ ನನಗೆ ಬಾಯಲ್ಲಿ ಗುಂಡುಸೂಜಿಯ ರುಚಿ ಬರುತ್ತದೆ.

ಚಂಗಪ್ಪನ ಪ್ರಕಾರ ಅವನ ಕೋವಿಯ ಮೇಲೆ ಎರಡು ಕಡೆಯಿಂದ ಒತ್ತಡ: ಹೊರಗಿನವರದು, ಒಳಗಿನವರದು. ವಿಶ್ವಸಂಸ್ಥೆ ಏನೋ ಒಪ್ಪಂದದ ಕಾಗದ ಹಿಡಿದು ಬಾಗಿಲು ತಟ್ಟುತ್ತದೆ. ಮೆಕ್ಸಿಕೋ ದೇಶ ಅಮೆರಿಕದ ಕೋವಿ ಕಂಪನಿಗಳ ಮೇಲೆ ಅಮೆರಿಕದ್ದೇ ಕೋರ್ಟಿಗೆ ಹೋಗಿ ಬರಿಗೈಯಲ್ಲಿ ಹಿಂದಿರುಗಿದರೂ ಗೊಣಗುವುದನ್ನು ಬಿಟ್ಟಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಕೆನಡಾ. ಇಲ್ಲಿ ಕೈಪಿಸ್ತೂಲಿನ ಮಾರಾಟವನ್ನೇ ಸರ್ಕಾರ ನಿಲ್ಲಿಸಿದೆ. ಆದರೂ ಟೊರಾಂಟೊದಲ್ಲಿ ಎಲ್ಲಾದರೂ ಗುಂಡು ಹಾರಿದರೆ ಅದು ಗಡಿಯಾಚೆಯಿಂದ ಕಳ್ಳದಾರಿಯಲ್ಲಿ ಬಂದ ಪಿಸ್ತೂಲಂತೆ ಎಂಬ ಮಾತು ಹಿಂದೆಯೇ ಬರುತ್ತದೆ. ಅದನ್ನು ಕೇಳಿದ ದಿನವೇ ಚಂಗಪ್ಪನ ಫೋನು.

"ಅತ್ತಿಗೆ, ನಿಮ್ಮ ದೇಶ ನಮ್ಮ ಕೋವಿ ವಿಷಯಕ್ಕೆ ಯಾಕೆ ಬರ್ತದೆ?"

ಕೆನಡಾವನ್ನು ನಾನೇ ಸ್ಥಾಪಿಸಿದ್ದೇನೋ ಎಂಬಂತೆ ಕೇಳುತ್ತಿದ್ದ.

"ನಿಮ್ಮ ಕೋವಿ ನಮ್ಮ ದೇಶಕ್ಕೆ ಬರೋದು ಬಿಟ್ಟರೆ ನಾವೂ ಬಿಡ್ತೀವಪ್ಪ," ಎನ್ನುತ್ತಿದ್ದೆ. ಹಿಂದೆ ಸೋಫಾದ ಮೇಲೆ ಮಲಗಿದ್ದ ನಮ್ಮವರು ಹೊಟ್ಟೆ ಕುಣಿಸಿ ನಗುತ್ತಿದ್ದರು.

ಒಳಗಿನ ಒತ್ತಡ ಎಂದಾಗ ಅವನು ಹೇಳುತ್ತಿದ್ದದ್ದು ಒಂದೊಂದು ರಾಜ್ಯದ ಒಂದೊಂದು ಕಾನೂನು, ಶಾಲೆಗಳ ಮುಂದೆ ಫಲಕ ಹಿಡಿದು ನಿಲ್ಲುವ ತಾಯಂದಿರು, ಚುನಾವಣೆಗೊಮ್ಮೆ ಬದಲಾಗುವ ಮಾತು. ಆದರೆ ನಿಜವಾದ ಒಳಗಿನ ಒತ್ತಡ ಅವನ ಹೆಂಡತಿ ಬೋಜಿ, ನನ್ನ ಓರಗಿತ್ತಿ. ಈಗ ದೂರದ ಕಾಲೇಜಿನಲ್ಲಿರುವ ಅವರ ಮಗ ಒಂದನೆಯ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಗುಂಡಿನ ಅಪಾಯ ಬಂದರೆ ಹೇಗೆ ಅಡಗಿಕೊಳ್ಳಬೇಕೆಂದು ಕಲಿಸಿದ್ದರಂತೆ. ಮನೆಗೆ ಬಂದ ಮಗು ಊಟದ ಮೇಜಿನ ಕೆಳಗೆ ಕೂತು, ಉಸಿರು ಬಿಗಿಹಿಡಿದು ತೋರಿಸಿದ್ದನ್ನು ನೋಡಿದ ಬೋಜಿ, ಅಂದೇ ಕೋವಿಗಳನ್ನು ಬೇಸ್‌ಮೆಂಟಿನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಕೀಲಿಯನ್ನು ಒಂದು ದಾರಕ್ಕೆ ಪೋಣಿಸಿ ತನ್ನ ಕರಿಮಣಿಯ ಜೊತೆ ಕೊರಳಿಗೆ ಹಾಕಿಕೊಂಡಳು. ವರ್ಷಕ್ಕೊಮ್ಮೆ, ಕೈಲ್ ಮುಹೂರ್ತದ ದಿನ, ಕೋವಿಗೆ ಹೂವಿಟ್ಟು ಪೂಜೆ ಮಾಡುವುದಕ್ಕೆ ಪೆಟ್ಟಿಗೆ ತೆರೆಯುತ್ತದೆ, ಸಂಜೆಗೆ ಮುಚ್ಚುತ್ತದೆ. ವಿಶ್ವಸಂಸ್ಥೆಗಾಗದ್ದನ್ನು ಅವಳು ಒಂದು ದಾರದಲ್ಲಿ ಮಾಡಿ ಮುಗಿಸಿದ್ದಳು.

ಈ ನಗೆಯ ನಡುವೆ ನಮ್ಮವರಿಗೆ ಕಾಯಿಲೆ ಬಂತು. ಮಾರ್ಚಿಯ ಮೊದಲ ವಾರ ಆಸ್ಪತ್ರೆಯ ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಇವರು ದಿಂಬಿಗೊರಗಿ, ಸಾಮಾನು ತರಲು ಹೇಳುವ ದನಿಯಲ್ಲಿ, "ಶಾರದಾ, ಎರಡು ಈಡು ಮರೀಬೇಡ," ಎಂದರು.

"ಇಲ್ಲಿ ಈಡು ಹೊಡೆದರೆ ಪೊಲೀಸರು ಬರ್ತಾರೆ," ಎಂದೆ.

"ಬರಲಿ ಬಿಡು. ಜನ ಬರೋದಕ್ಕೆ ತಾನೇ ಹೊಡೆಯೋದು."

ನಾನು ಆಯಿತು ಎಂದು ತಲೆಯಾಡಿಸಿದೆ. ಆಸ್ಪತ್ರೆಯಲ್ಲಿ ತಲೆಯಾಡಿಸುವುದು ಬಹಳ ಸುಲಭ, ಯಾರು ಏನು ಕೇಳಿದರೂ ಆಡಿಸುತ್ತಿದ್ದೆ. ನಾಲ್ಕು ದಿನಗಳ ನಂತರ ಅವರು ಹೋದರು. ಮನೆಗೆ ಬಂದು ಕೋಟು ಬಿಚ್ಚುವಾಗ ಉಳಿದ ತಲೆಯಾಡಿಸಿದ್ದೆಲ್ಲ ಮರೆತುಹೋಗಿ, ಇದೊಂದು ಮಾತ್ರ ಕೊಟ್ಟ ಮಾತಾಗಿ ಉಳಿದುಕೊಂಡಿತ್ತು.

ಚಂಗಪ್ಪನಿಗೆ ಫೋನು ಮಾಡಿದಾಗ ನಾನು ಈಡಿನ ಸುದ್ದಿ ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಆಚೆ ಕಡೆ ಬೋಜಿ ತಾನಾಗಿ ಕೊರಳಿನ ದಾರ ಬಿಚ್ಚಿದಳಂತೆ. ಅವನು ಅಣ್ಣನಿಗೆಂದು ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ಬಿಳಿಯ ಪಂಚೆಯಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟು ಹೊರಟ. ದಾರಿಯಲ್ಲಿ ಮೂರು ರಾಜ್ಯಗಳು. ಒಂದು ರಾಜ್ಯದಲ್ಲಿ ಸಲ್ಲುವುದು ಮುಂದಿನದರಲ್ಲಿ ಸಲ್ಲದು, ಮಡಿಯ ಅಡುಗೆಮನೆಯಲ್ಲಿ ಈರುಳ್ಳಿ ಹಿಡಿದು ದಾಟಿದ ಹಾಗೆ. ಅದನ್ನೆಲ್ಲ ಅವನು ಬೀಗ ಹಾಕಿ, ತೋಟೆ ಬೇರೆ ಇಟ್ಟು, ಬಲು ನಾಜೂಕಾಗಿ ದಾಟಿ ಬಫಲೋ ಸೇತುವೆಗೆ ಬಂದ. ಈಚೆ ದಡದಲ್ಲಿ ಕೋವಿ ತರುವವರಿಗೆ ಒಂದು ಫಾರಂ ಇದೆ. ಪ್ರಾಮಾಣಿಕ ಮನುಷ್ಯ, ಎಲ್ಲವನ್ನೂ ತುಂಬಿದ. ಯಾವ ಕಾರಣಕ್ಕೆ ತರುತ್ತಿದ್ದೀರಿ ಎಂಬ ಜಾಗದಲ್ಲಿ ಬೇರೆಯವರು ಬೇಟೆಗೆ, ಪಂದ್ಯಕ್ಕೆ ಎಂದು ಬರೆಯುತ್ತಾರಂತೆ. ಇವನು ಇಂಗ್ಲಿಷಿನಲ್ಲಿ, ದೊಡ್ಡ ಅಕ್ಷರದಲ್ಲಿ, 'ನನ್ನ ಅಣ್ಣನ ಸಾವಿಗೆ' ಎಂದು ಬರೆದ.

ನೀವು ನಗಬಹುದು. ನಾವೂ ನಗುತ್ತೇವೆ, ಈಗ. ಅಂದು ಅವನನ್ನು ಒಳಗೆ ಕೂರಿಸಿಕೊಂಡರು. ಬಹಳ ಮರ್ಯಾದೆಯಿಂದಲೇ ಕೂರಿಸಿಕೊಂಡರಂತೆ, ಕಾಫಿ ಕೊಟ್ಟರಂತೆ, ಆದರೆ ಎದ್ದು ಹೋಗಲು ಬಿಡಲಿಲ್ಲ. ಕೊನೆಗೆ ಒಬ್ಬ ಅಧಿಕಾರಿ ನನಗೆ ಫೋನು ಮಾಡಿ, ಇಂಥವನೊಬ್ಬ ಕೋವಿ ಹಿಡಿದು ಬರುತ್ತಿರುವುದು ನಿಮ್ಮ ಗಂಡನಿಗೆ ಗೊತ್ತೇ ಎಂದು ಕೇಳಿದ. ನಿದ್ದೆಗೆಟ್ಟ ನಾನು ನನ್ನ ಹರಕು ಇಂಗ್ಲಿಷಿನಲ್ಲಿ, ಗೊತ್ತು, ಅವರೇ ಕೇಳಿದ್ದು ಎಂದೆ. ನಿಮ್ಮ ಗಂಡ ಈಗ ಎಲ್ಲಿದ್ದಾರೆ ಎಂದ. ಫ್ಯೂನರಲ್ ಹೋಮಿನಲ್ಲಿ ಎಂದೆ. ಮಗಳು ದೇಚು ಫೋನು ಕಿತ್ತುಕೊಂಡು ಎಲ್ಲವನ್ನೂ ಬಿಡಿಸಿ ಹೇಳುವ ಹೊತ್ತಿಗೆ ಅವನ ಫಾರಮ್ಮೂ ನನ್ನ ಇಂಗ್ಲಿಷೂ ಸೇರಿ ಚಂಗಪ್ಪನ ಕೆಲಸವನ್ನು ಸಾಕಷ್ಟು ಕೆಡಿಸಿಯಾಗಿತ್ತು. ಬೇಕಾದರೆ ನೀವು ಬನ್ನಿ, ಕೋವಿ ಆಚೆಯೇ ಬಿಟ್ಟು ಬನ್ನಿ ಎಂದು ಅಧಿಕಾರಿಗಳು ಅವನಿಗೆ ಹೇಳಿದರು. ಬಫಲೋಗೆ ಹಿಂದಿರುಗಿ, ಮಾರನೆಯ ದಿನ ಕೋವಿ ಅಂಗಡಿಯೊಂದರ ಬಾಗಿಲು ತೆರೆಯುವವರೆಗೆ ಕಾದು, ಹಿಂದಿರುಗುವಾಗ ತೆಗೆದುಕೊಳ್ಳುತ್ತೇನೆಂದು ಅಲ್ಲಿ ಕೋವಿಯನ್ನು ಒಪ್ಪಿಸಿ, ಹಿಮದಲ್ಲಿ ಅವನು ಬಂದು ತಲುಪಿದಾಗ ಕ್ರಿಮೆಟೋರಿಯಂನಲ್ಲಿ ನಮಗೆ ಕೊಟ್ಟ ಸಮಯ ಮುಗಿದು ಮುಂದಿನವರ ಸಮಯ ನಡೆಯುತ್ತಿತ್ತು. ಅಣ್ಣನಿಗೆ ಈಡು ಹೊಡೆಯಲು ಹೊರಟವನಿಗೆ ಅಣ್ಣನ ಮುಖವೂ ಸಿಗಲಿಲ್ಲ. ಪಾರ್ಕಿಂಗ್ ಜಾಗದಲ್ಲಿ ಬಿಳಿ ಪಂಚೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಅಂದಿನಿಂದ ಅವನು ತಿದ್ದುಪಡಿಯ ಮಾತೆತ್ತಿ ಫೋನು ಮಾಡಲಿಲ್ಲ. ಆ ವಾದವಿಲ್ಲದೆ ನನಗೂ ಒಂದು ಬಗೆಯ ಬಣಬಣ.

ದೇಚುವಿನ ಮೌನ ಇನ್ನೊಂದು ರೀತಿಯದು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಅಪ್ಪನ ಮುದ್ದಿನ ಮಗಳು. ಅಪ್ಪ ಹೋದ ದಿನ ಎಲ್ಲ ಫೋನುಗಳನ್ನೂ ಅವಳೇ ಮಾಡಿಸಿದಳು, ಅಂದರೆ ನನ್ನ ಕೈಗೆ ಫೋನು ಕೊಟ್ಟು ನನ್ನಿಂದ ಹೇಳಿಸಿದಳು. ಗಡಿಯ ಅಧಿಕಾರಿಗೂ 'ದಿ ಫ್ಯೂನರಲ್' ಎಂದಳೇ ಹೊರತು ಯಾರದೆಂದು ಹೇಳಿರಲಿಲ್ಲ. ಅಪ್ಪನ ಮೊಬೈಲನ್ನು ನಿಲ್ಲಿಸಲೂ ಬಿಡಲಿಲ್ಲ. ಹೀಟರ್ ಕಂಪನಿಯವರೋ ಕಾರಿನ ಸರ್ವೀಸಿನವರೋ ಅದಕ್ಕೆ ಕರೆ ಮಾಡಿ ಮಿಸ್ಟರ್ ಪೂವಯ್ಯ ಇದ್ದಾರೆಯೇ ಎಂದರೆ, "ಹೀ ಈಸ್ ನಾಟ್ ಅವೈಲಬಲ್ ರೈಟ್ ನೌ," ಎಂದು ಇಟ್ಟುಬಿಡುತ್ತಿದ್ದಳು. ಅವರು ಮುಂದಿನ ವಾರ ಮತ್ತೆ ಮಾಡುತ್ತಿದ್ದರು, ಇವಳು ಮತ್ತೆ ಅದನ್ನೇ ಹೇಳುತ್ತಿದ್ದಳು. ಆರು ತಿಂಗಳು ಹೀಗೆ. ಪಕ್ಕದ ಕೋಣೆಯಲ್ಲಿ ಪ್ಯಾಂಟು ಮಡಿಸುತ್ತಾ ಕೂತ ನನಗೆ ಒಂದೊಂದು ಸಲ ಅವರು ನಿಜವಾಗಿಯೂ ಎಲ್ಲೋ ಒಂದು ಲಿಫ್ಟಿನ ಮೇಲೆ ಹತ್ತಿ ಕೂತಿದ್ದಾರೆ, ಇಳಿದ ಮೇಲೆ ಸಿಗುತ್ತಾರೆ ಅನ್ನಿಸಿಬಿಡುತ್ತಿತ್ತು. ಆ ಅನ್ನಿಸುವಿಕೆ ಹಿತವಾಗಿತ್ತು ಎಂಬುದೇ ನನ್ನ ಹೆದರಿಕೆ. ಇಬ್ಬರೂ ಸೇರಿ ಅವರನ್ನು ಕಾಯುತ್ತಾ ಮುದುಕಿಯರಾಗಿಬಿಟ್ಟರೆ?

ಸೆಪ್ಟೆಂಬರಿನ ಮೊದಲ ವಾರ, ಕೈಲ್ ಮುಹೂರ್ತದ ಸಮಯಕ್ಕೆ, ಓಹಾಯೋಗೆ ಹೋಗೋಣ ಎಂದೆ. ಬಾಕಿ ಉಳಿದ ಎರಡು ಈಡಿಗೆ ಎಂದು ಹೇಳಿದಾಗ ದೇಚು ತುಟಿ ಕಚ್ಚಿಕೊಂಡಳು. ಅವಳೂ ಶಾಲೆಯಲ್ಲಿ ದೀಪ ಆರಿಸಿ ಗೋಡೆಗಂಟಿ ಕೂರುವುದನ್ನು ಕಲಿತವಳೇ, ಕೋವಿಯೆಂದರೆ ಅವಳಿಗೆ ಪೂಜೆಯಲ್ಲ, ಗೋಡೆ. ಕಾರು ಮಾತ್ರ ಓಡಿಸುತ್ತೇನೆ ಎಂದಳು. ನಾನು ಹಿತ್ತಾಳೆಯ ತೋಟೆಯನ್ನು ಅಕ್ಕಿಯ ಸಮೇತ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಮಡಿಲಲ್ಲಿ ಹಿಡಿದುಕೊಂಡೆ. ಅಮೆರಿಕದ ಗಡಿಯಲ್ಲಿ ಅಧಿಕಾರಿ ಅದನ್ನು ತಿರುಗಿಸಿ ನೋಡಿದ. ಅವನು ಕೇಳಿದ್ದು ಒಂದೇ: ಒಳಗಿರುವುದು ಅಕ್ಕಿಯೇ? ಅಕ್ಕಿಯನ್ನು ಕಸದ ಡಬ್ಬಕ್ಕೆ ಸುರಿಸಿ, ತೋಟೆಯನ್ನು ಕೈಗಿತ್ತು ಒಳಗೆ ಬಿಟ್ಟ.

ಬೋಜಿ ಅಂಗಳಕ್ಕೇ ಬಂದು ಅಪ್ಪಿಕೊಂಡಳು. ಆದರೆ ಕೀಲಿಯ ಮಾತು ಬಂದಾಗ ಅವಳ ಮುಖ ಬಿಗಿಯಿತು. ಸೂತಕದ ವರ್ಷ ಹಬ್ಬವಿಲ್ಲ, ಹಬ್ಬವಿಲ್ಲದಿದ್ದರೆ ಪೆಟ್ಟಿಗೆಯೂ ಇಲ್ಲ, ಅದು ಅವಳ ಕಾನೂನು. ಮಾರ್ಚಿಯಲ್ಲಿ ಒಮ್ಮೆ ಆ ಕಾನೂನು ಮುರಿದು ಕೀಲಿ ಕೊಟ್ಟದ್ದಕ್ಕೆ ತನ್ನ ಗಂಡನಿಗೆ ಅಣ್ಣನ ಮುಖ ತಪ್ಪಿತು ಎಂಬ ಸಂಕಟ ಅವಳನ್ನು ಬಿಟ್ಟಿರಲಿಲ್ಲ. ಚಂಗಪ್ಪ ಕೇಳಲೇ ಇಲ್ಲ. ತಲೆ ಬಗ್ಗಿಸಿಕೊಂಡು ಕಡಂಬುಟ್ಟಿನ ಅಕ್ಕಿ ಉಂಡೆ ತಿನ್ನುತ್ತಿದ್ದ. ಕೇಳಿದವಳು ನಾನು. ಆಸ್ಪತ್ರೆಯಲ್ಲಿ ಅವರು ಹೇಳಿದ್ದನ್ನೂ ನಾನು ತಲೆಯಾಡಿಸಿದ್ದನ್ನೂ ಅವಳ ಮುಂದೆ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಬೋಜಿ ದಾರ ಬಿಚ್ಚಿದಳು.

"ಅಕ್ಕ, ನಿಮ್ಮ ಕೈಗೆ ಕೊಡ್ತೀನಿ. ಇವರ ಕೈಗಲ್ಲ."

ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಅಂಗಳದ ಹುಲ್ಲಿನ ಮೇಲೆ ಬೋಜಿ ಎಂಟು ಕುರ್ಚಿ ಹಾಕಿ, ದೊಡ್ಡ ಫ್ಲಾಸ್ಕಿನಲ್ಲಿ ಕಾಫಿ ತಂದಿಟ್ಟಳು. ಯಾಕೆಂದು ನಾನು ಕೇಳಲಿಲ್ಲ. ಸಾವಿನ ಮನೆಯಲ್ಲಿ ಬಂದವರಿಗೆ ಕುರ್ಚಿ ಹಾಕುವುದು ಅವಳ ಕೈಗೆ ಗೊತ್ತಿತ್ತು. ಚಂಗಪ್ಪ ಬಿಳಿಯ ಪಂಚೆ ಹರಡಿ, ಕೋವಿಯ ಪಕ್ಕದಲ್ಲಿ ನನ್ನ ಹಿತ್ತಾಳೆಯ ತೋಟೆಯನ್ನಿಟ್ಟು, ಎರಡಕ್ಕೂ ಕೈಮುಗಿದ. ಹಿರಿಯವನ ಮಗಳು ಹೊಡೆಯಬಹುದು ಎಂದು ದೇಚುವಿನ ಕಡೆ ನೋಡಿದ.

"ನೋ, ಚಿಕ್ಕಪ್ಪ. ಐ ಆಮ್ ನಾಟ್ ಟಚಿಂಗ್ ದಟ್."

ಅವನು ಸರಿ ಎಂದು ತಾನೇ ಕೋವಿ ಎತ್ತಿ ಆಕಾಶಕ್ಕೆ ಹಿಡಿದ. ಒಂದು. ಅದರ ಬೆನ್ನಿಗೇ ಇನ್ನೊಂದು. ದೇಚು ಕಿವಿ ಮುಚ್ಚಿಕೊಂಡು ಗ್ಯಾರೇಜಿನ ಗೋಡೆಗಂಟಿ ಕೂತುಬಿಟ್ಟಿದ್ದಳು. ಹೊಗೆಯ ವಾಸನೆ ಇಳಿಯುವ ತನಕ ನಾವು ಮೂವರೂ ನಿಂತಿದ್ದೆವು. ನನ್ನ ಭುಜದಿಂದ ಏನೋ ಇಳಿದಂತಾಯಿತು.

ಆಗ ದೂರದ ಹೊಲದಾಚೆಯಿಂದ ಉತ್ತರ ಬಂತು: ಢಂ, ಢಂ, ಢಂ, ಢಂ. ಅಂದು ಅಲ್ಲಿ ಸೆಪ್ಟೆಂಬರಿನ ಕಾರ್ಮಿಕರ ದಿನದ ರಜೆ, ಜನ ಮೋಜಿಗೆ ಹೊಡೆಯುತ್ತಿದ್ದರು. ಎಡಗಡೆಯ ತೋಟದಿಂದ ಇನ್ನೂ ಐದಾರು, ಅದರ ಹಿಂದೆ ಯಾರದೋ ಪಟಾಕಿ. ಎದುರು ಮನೆಯ ಮುದುಕ ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಕೂತು ಹೋಗುತ್ತಿದ್ದವನು, ಚಂಗಪ್ಪನ ಕೈಯಲ್ಲಿನ ಕೋವಿ ನೋಡಿ ಹೆಬ್ಬೆರಳು ಎತ್ತಿ, "ಹ್ಯಾಪಿ ಲೇಬರ್ ಡೇ," ಎಂದು ಕೂಗಿ ಮುಂದೆ ಹೋದ. ದೇಚು ಗೋಡೆಯ ಹತ್ತಿರವೇ ಉಳಿದಳು, ನಾವು ಮೂವರು ಕುರ್ಚಿಗಳಲ್ಲಿ ಕೂತೆವು. ಐದು ಖಾಲಿ ಉಳಿದವು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಬೋಜಿ ಕಾಫಿಯನ್ನು ಎರಡು ಸಲ ಬಗ್ಗಿಸಿದಳು, ಎರಡು ಸಲವೂ ನಮಗೇ.

"ಅತ್ತಿಗೆ," ಎಂದ ಚಂಗಪ್ಪ, ಖಾಲಿ ಕುರ್ಚಿಗಳನ್ನು ನೋಡುತ್ತಾ. "ಇಲ್ಲಿ ಹೊಡೀಬಹುದು. ಯಾರಿಗೂ ಕೇಳಿಸೋದಿಲ್ಲ."

ಅವನ ಜೊತೆಗಿನ ಎಲ್ಲ ವಾದಗಳಲ್ಲೂ ನಾನು ಕಾಯುತ್ತಿದ್ದ ಗೆಲುವು ಅದು, ಬಂದಾಗ ಬೇಡವಾಗಿತ್ತು. ಆ ಹಿಂದಿರುಗುವ ದಾರಿಯುದ್ದಕ್ಕೂ ನಾನು ಯೋಚಿಸಿದ್ದು ಇಷ್ಟೇ. ಓಹಾಯೋದಲ್ಲಿ ಈಡು ಹೊಡೆಯುವ ಹಕ್ಕಿದೆ, ಎಲ್ಲರೂ ಹೊಡೆಯುವುದರಿಂದ ಯಾರ ಈಡಿಗೂ ಅರ್ಥವಿಲ್ಲ. ವಿಟ್ಬಿಯಲ್ಲಿ ಹೊಡೆದರೆ ಖಂಡಿತ ಜನ ಬರುತ್ತಾರೆ, ಸೈರನ್ ಹಾಕಿಕೊಂಡು ಬರುತ್ತಾರೆ, ಆದರೆ ಹೊಡೆಯುವ ಹಾಗಿಲ್ಲ. ಎರಡರ ನಡುವೆ ಎಲ್ಲೋ ಆ ಅಜ್ಜನ ಅಂಗಳವಿತ್ತು. ಅಲ್ಲಿ ಕೋವಿ ಎಲ್ಲರ ಮನೆಯಲ್ಲಿದ್ದರೂ ಅದು ಬಾಯಿ ಬಿಡುತ್ತಿದ್ದದ್ದು ಅಪರೂಪಕ್ಕೆ, ಬಿಟ್ಟಾಗ ಅದರ ಮಾತು ಎಲ್ಲರಿಗೂ ತಿಳಿಯುತ್ತಿತ್ತು. ಇದನ್ನು ಯಾವ ಸಂವಿಧಾನದಲ್ಲಿ ಹೇಗೆ ಬರೆಯುವುದೋ ನನಗೆ ತಿಳಿಯದು. ಇಟ್ಟುಕೊಳ್ಳುವ ಹಕ್ಕಿಗೆ, ಹಿಡಿದು ಓಡಾಡುವ ಹಕ್ಕಿಗೆ ವಕೀಲರಿದ್ದಾರೆ. ಕೇಳಿಸಿಕೊಂಡು ಎದ್ದು ಬರಬೇಕಾದವರ ಬಗ್ಗೆ ಒಂದು ಸಾಲು ಯಾರೂ ಬರೆದ ಹಾಗಿಲ್ಲ. ಹಾಗೆಂದು ಕಾನೂನಿಗೆ ನಾನು ಬೆರಳು ತೋರಿಸಲಾರೆ. ಮೇಜಿನ ಕೆಳಗೆ ಉಸಿರು ಹಿಡಿದು ಕೂತ ಮಗುವಿನ ವಿಷಯ ಕೇಳಿದ ಮೇಲೆ ಬೋಜಿಯ ಕೊರಳಿನ ದಾರಕ್ಕೇ ನನ್ನ ಮತ.

ಹೊರಡುವಾಗ ಚಂಗಪ್ಪ ಹೊಡೆದ ಎರಡು ತೋಟೆಗಳನ್ನು ನನ್ನ ಕೈಗಿಟ್ಟಿದ್ದ. ಈಗಿನವು ಹಿತ್ತಾಳೆಯವಲ್ಲ, ಕೆಂಪು ಪ್ಲಾಸ್ಟಿಕ್ಕಿನವು, ಬುಡದಲ್ಲಿ ಮಾತ್ರ ಲೋಹದ ಬಿಲ್ಲೆ. ಹಳೆಯದರ ಜೊತೆ ಅವನ್ನೂ ಚೀಲಕ್ಕೆ ಹಾಕಿಕೊಂಡೆ. ಮಾರ್ಚಿಯಲ್ಲಿ ಅವನು ಬಂದು ಸಿಕ್ಕಿಬಿದ್ದ ಅದೇ ಸೇತುವೆ, ಈಚೆ ದಡದ ಅದೇ ಸಾಲು. ಕಿಟಕಿಯಲ್ಲಿ ದೇಚುವಿಗಿಂತ ಸ್ವಲ್ಪ ದೊಡ್ಡವಳಿರಬಹುದಾದ ಅಧಿಕಾರಿಣಿ. ಏನು ತರುತ್ತಿದ್ದೀರಿ ಎಂದಳು. ದೇಚು ಅಪ್ಪನ ಹಾಗೆಯೇ ಸುಳ್ಳು ಬಾರದವಳು, ಮೂರು ಖಾಲಿ ತೋಟೆ ಎಂದಳು. ಅಧಿಕಾರಿಣಿ ಕೈ ಚಾಚಿದಳು. ಚೀಲದೊಳಗಿನ ತೋಟೆಗಳನ್ನು ಹೊರತೆಗೆದು ನೋಡಿದಳು. ಇವು ಯಾಕೆ ಎಂದಳು.

ನಾನು ಬಾಯಿ ತೆರೆಯಲು ಹೋದೆ. ಮಾರ್ಚಿಯಲ್ಲಿ ನನ್ನ ಇಂಗ್ಲಿಷು ಮಾಡಿದ ಅವಾಂತರ ನೆನಪಾಗಿ ಮುಚ್ಚಿಕೊಂಡೆ. ದೇಚು ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ನೇರ ಮುಂದೆ ನೋಡುತ್ತಿದ್ದಳು. ಹಿಂದಿನ ಕಾರಿನವನು ಹಾರ್ನ್ ಒತ್ತಿದ. ಆಮೇಲೆ ಅವಳು ಇಂಗ್ಲಿಷಿನಲ್ಲಿ, ನಿಧಾನವಾಗಿ, ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಎರಡು ಗುಂಡು ಹೊಡೆಯುತ್ತೇವೆ, ಜನಕ್ಕೆ ತಿಳಿದು ಬರಲಿ ಎಂದು, ಇದು ಹುಟ್ಟಿದಾಗಿನದು, ಇವೆರಡು ಹೋದದ್ದಕ್ಕೆ ಎಂದು ಹೇಳಿದಳು. ಹೋದದ್ದು ಯಾರು ಎಂದು ಆ ಹುಡುಗಿ ಕೇಳಲಿಲ್ಲ, ಕಾದಳು.

"ಮೈ ಡ್ಯಾಡ್," ಎಂದಳು ದೇಚು. "ಮೈ ಡ್ಯಾಡ್ ಡೈಡ್ ಇನ್ ಮಾರ್ಚ್."

ಅಧಿಕಾರಿಣಿ ಕೈಗವಸು ಬಿಚ್ಚಿ, ಮೂರು ತೋಟೆಗಳನ್ನೂ ಒಂದೊಂದಾಗಿ ಚೀಲಕ್ಕೆ ಹಾಕಿ, ಕಿಟಕಿಯಿಂದ ಬಗ್ಗಿ ದೇಚುವಿನ ಅಂಗೈಯಲ್ಲಿಟ್ಟಳು. ಐ ಆಮ್ ಸೋ ಸಾರಿ ಎಂದಳು. ಒಂದು ಕ್ಷಣ ಆ ಕೈಯನ್ನು ಹಿಡಿದುಕೊಂಡೇ ಇದ್ದಳು, ಅಷ್ಟು ಹೊತ್ತು ಹಿಡಿದುಕೊಳ್ಳಬೇಕಾದ ಅಗತ್ಯವಿರಲಿಲ್ಲ. ಬರಲಿ ಬಿಡು ಎಂದಿದ್ದರಲ್ಲ ನಮ್ಮವರು, ಈಡಿಗೆ ಜನ ಯೂನಿಫಾರಂ ಹಾಕಿಕೊಂಡೇ ಬಂದಿದ್ದರು. ಸ್ವಲ್ಪ ದೂರ ಹೋಗಿ ದೇಚು ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು. ನಾನು ಚೀಲ ತೆಗೆದುಕೊಂಡೆ. ಅವಳು ಅತ್ತಳು, ಬಹಳ ಹೊತ್ತು, ಚಿಕ್ಕ ಮಗುವಿನ ಹಾಗೆ ಮೂಗು ಸೊರಸೊರನೆ ಎಳೆಯುತ್ತಾ.

ಮುಂದಿನ ವಾರ ಹೀಟರ್ ಕಂಪನಿಯವರು ಮತ್ತೆ ಫೋನು ಮಾಡಿದರು. ದೇಚು ಗಡಿಯಲ್ಲಿ ಹೇಳಿದ್ದನ್ನೇ ಅವರಿಗೂ ಹೇಳಿದ್ದನ್ನು ನಾನು ಪಕ್ಕದ ಕೋಣೆಯಲ್ಲಿ ಹೊಲಿಗೆ ನಿಲ್ಲಿಸಿ ಕೇಳಿಸಿಕೊಂಡೆ. ಈಗ ಅವರು ಮಾಡುವುದಿಲ್ಲ. ಮಾಡುವವನು ಚಂಗಪ್ಪ, ನಮ್ಮ ದೇಶದ ಮೇಲೆ ಹೊಸ ದೂರುಗಳನ್ನು ಹಿಡಿದುಕೊಂಡು.

ಹಿತ್ತಾಳೆಯ ತೋಟೆಗೆ ಹೊಸ ಅಕ್ಕಿ ತುಂಬಿದ್ದೇನೆ. ಕೆಂಪು ತೋಟೆಗಳೆರಡನ್ನು ಎಲ್ಲಿಡುವುದೆಂದು ತಿಳಿಯದೆ ಅದರ ಎಡಕ್ಕೊಂದು ಬಲಕ್ಕೊಂದು ಒತ್ತಿಟ್ಟು ರಬ್ಬರ್ ಬ್ಯಾಂಡ್ ಹಾಕಿದೆ. ಅವುಗಳ ಬುಡ ಚಪ್ಪಟೆ. ಇಷ್ಟು ವರ್ಷ ವಾಲಿಕೊಂಡೇ ಇದ್ದದ್ದು ಈಗ ನೆಟ್ಟಗೆ ನಿಂತಿದೆ, ಬೂದಿ ತಟ್ಟೆಯಲ್ಲೇ ಬೀಳುತ್ತದೆ. ಅವರ ಜೇಬಿನ ನೇರಕ್ಕೆ ಒರೆಸಲು ಏನೂ ಇರುವುದಿಲ್ಲ. ಬೆಳಿಗ್ಗೆ ಎದ್ದು, ಸೆರಗಿನ ತುದಿಯಿಂದ ಒಂದು ಸಲ ಒರೆಸುತ್ತೇನೆ.